ತೊಂಬತ್ತಮೂರು ಬಾರು ಸುಮ್ಮನೆ

ನನ್ನ ಪುಟದಲ್ಲಿ ಇರುವುದು ಇಷ್ಟೇ:
ಒಂದು ದಪ್ಪ ಗೆರೆ, ಅದರ ತಲೆಯ ಮೇಲೆ ತೊಂಬತ್ತಮೂರು.
ಅಷ್ಟು ಬಾರು ಸುಮ್ಮನೆ ಕೂರಬೇಕು,
ತೊಂಬತ್ತನಾಲ್ಕಕ್ಕೆ ಒಂದೇ ಒಂದು ಏಟು.
ಬಾರು ಅಂದರೆ ಅಶೋಕಪುರಂನಲ್ಲಿ ಬೇರೆ ಅರ್ಥ;
ಅಲ್ಲಿ ಯಾರೂ ಸುಮ್ಮನೆ ಕೂರುವುದಿಲ್ಲ.

ಟ್ರಯಾಂಗಲ್ ನಾನೇ ಬಗ್ಗಿಸಿದ್ದು,
ರೈಲ್ವೆ ವರ್ಕ್‌ಶಾಪಿನ ಗುಜರಿ ಸರಳಿನಿಂದ.
ಜ್ಞಾನಪ್ರಗಾಸಂ ಮೇಷ್ಟ್ರು ಎರಡು ಸಲ ವಾಪಸು ಕಳಿಸಿದರು:
‘ಮಾದು, ಇದು ಸ್ಕೂಲ್ ಗಂಟೆ.’
‘ಇದು ಪಾತ್ರೆ ಅಂಗಡಿ.’
ಮೂರನೆಯದನ್ನು ಕಿವಿಯ ಹತ್ತಿರ ಹಿಡಿದು
ಸದ್ದು ಪೂರ್ತಿ ಆರುವ ತನಕ ನಿಂತಿದ್ದರು.

ಮೂವತ್ತೊಂದು ವರ್ಷ ಪೊಲೀಸ್ ಬ್ಯಾಂಡಿನಲ್ಲಿ ಕ್ಲಾರಿನೆಟ್.
ದಸರೆಯ ಬಿಸಿಲಲ್ಲಿ ನಡೆಯುತ್ತ ನುಡಿಸಿ ನುಡಿಸಿ
ಕೂತು ನುಡಿಸುವುದೇ ಅವರಿಗೆ ಇಟಲಿ.

ಅಲ್ಲಿಯ ಮಾತಿಗೆ ನಮ್ಮ ಪುಟಗಳಲ್ಲಿ ಸೀಸದಕಡ್ಡಿಯ ಕನ್ನಡ:
ಪಿಯಾನೊ ಇದ್ದಲ್ಲಿ ‘ಮಗು ಮಲಗಿದೆ’,
ಅಲೆಗ್ರೊಗೆ ಇಮ್ತಿಯಾಜ್ ಬರೆದುಕೊಂಡದ್ದು ‘ಬಸ್ ಹೊರಟಿತು’.
ಮಂಡಿ ಮೊಹಲ್ಲಾದಲ್ಲಿ ಬೀಟೆಮರಕ್ಕೆ ಕುಸುರಿ ಕೂರಿಸುವವನು ಅವನು;
ಚೆಲ್ಲೊದ ಹೊಟ್ಟೆಯ ಸೀಳಿಗೆ ಅಂಟು ಹಾಕಲು ಒಯ್ದು
ಮೂರು ವರ್ಷವಾದರೂ ವಾಪಸು ಕೊಟ್ಟಿಲ್ಲ, ನುಡಿಸುತ್ತಾನೆ.
ಸುನಂದವಲ್ಲಿ ಮೇಡಂಗೆ ಪ್ರತಿ ಶನಿವಾರ ಒಂದೇ ಬೈಗುಳ:
‘ಅಮ್ಮಾ, ಆ ಸ್ವರವನ್ನು ಅಲುಗಿಸಬೇಡಿ, ನಿಂತಲ್ಲಿ ನಿಲ್ಲಲಿ.’
‘ನಿಂತರೆ ಸತ್ತ ಹಾಗಲ್ಲವೇ ಮೇಷ್ಟ್ರೆ,’ ಅನ್ನುತ್ತಾರೆ.
ಆಮೇಲೆ ನಿಲ್ಲಿಸುತ್ತಾರೆ; ಕಿರುಬೆರಳು ಮಾತ್ರ ನಡುಗುತ್ತದೆ.

ಭಾನುವಾರ ಸಂಜೆ, ಲಷ್ಕರ್ ಮೊಹಲ್ಲಾದ ಶಾಲೆ.
ಶಾಮಿಯಾನದವನ ಕುರ್ಚಿ ನೂರಿಪ್ಪತ್ತು, ಜನ ಅರವತ್ತು.
ಮುಂದಿನ ಸಾಲಿನಲ್ಲಿ ನಮ್ಮ ಮನೆಯವಳು,
ಬ್ಯಾಗಿನೊಳಗೇ ಚಕ್ಕುಲಿ ಮುರಿಯುತ್ತ,
ನಾವು ಉಸಿರೆಳೆದುಕೊಂಡಲ್ಲೆಲ್ಲ ಚಪ್ಪಾಳೆ ತಟ್ಟುತ್ತ.

ಮೊದಲರ್ಧ ಇಟಲಿಯವರದೇ. ಆಮೇಲಿನದು
ಚಳಿಯೂರಿನವರು ಒಂದು ಬೇಸಿಗೆ ಅಲ್ಲಿಗೆ ಹೋಗಿ
ಕೋಟು ಬಿಚ್ಚಿದ ಖುಷಿಗೆ ಬರೆದದ್ದು.
ಕೊನೆಗೆ ಮೇಷ್ಟ್ರದು, ಹೆಸರು ‘ದೋಣಿ’.
ಅವರು ಇಟಲಿ ಕಂಡಿಲ್ಲ. ನೀರ ಮೇಲೆ ನಿಂತ ಊರೊಂದು
ಬಿಸ್ಕತ್ತು ಡಬ್ಬಿಯ ಮುಚ್ಚಳದಲ್ಲಿತ್ತಂತೆ;
ಅವರಮ್ಮ ಅದರಲ್ಲಿ ಸೂಜಿ ದಾರ ಇಡುತ್ತಿದ್ದರಂತೆ.
ಉಳಿದದ್ದೆಲ್ಲ ಶ್ರೀರಂಗಪಟ್ಟಣದ ಸಂಗಮದ ಹರಿಗೋಲು,
ಅದಕ್ಕೇ ಆ ದೋಣಿ ಮುಂದೆ ಹೋಗದು, ಸುತ್ತುತ್ತದೆ.

ನನ್ನ ತೊಂಬತ್ತಮೂರು ಇರುವುದು ಅಲ್ಲಿ.
ಎಣಿಸತೊಡಗಿದೆ. ಎಣಿಕೆ ನನಗೆ ಹೊಸದಲ್ಲ;
ಹಗಲೆಲ್ಲ ಬೋಗಿಗಳ ಗಾಲಿಗೆ ಸುತ್ತಿಗೆ ತಾಗಿಸುತ್ತ ಹೋಗುವವನು.
ಗಾಲಿ ಗಟ್ಟಿಯಿದ್ದರೆ ಹಾಡುತ್ತದೆ,
ಬಿರುಕಿದ್ದರೆ ಕೆಮ್ಮುತ್ತದೆ.

ನಲವತ್ತೊಂದರಲ್ಲಿ ಇಮ್ತಿಯಾಜ್ ಹುಟ್ಟು ಹಾಕಿದ.
ಐವತ್ತಕ್ಕೆ ಸುನಂದವಲ್ಲಿ ಮೇಡಂ ಒಂದು ಸ್ವರ ಹಿಡಿದು
ಬೇಕಂತಲೇ ಅಲುಗಿಸಿದರು.
ಮೇಷ್ಟ್ರ ಕೋಲು ಗಾಳಿಯಲ್ಲೇ ನಿಂತಿತು,
ಆಮೇಲೆ ಅದರ ತುದಿಯೂ ಅಲುಗಿತು.
ನಾನು ಗಾಲಿಗೆ ಕಿವಿಗೊಟ್ಟ ಹಾಗೆ ಕೂತೆ:
ಬಿರುಕೇ ಇದು? ಅಲ್ಲ.
ಗಟ್ಟಿ ಕಬ್ಬಿಣವೂ ಅಲ್ಲ.
ಹಾಗಾದರೆ ಏನು ಅನ್ನುವಷ್ಟರಲ್ಲಿ
ಚಪ್ಪಾಳೆ.

ಕೈಯಲ್ಲಿ ಟ್ರಯಾಂಗಲ್ ತಣ್ಣಗೆ ತೂಗುತ್ತಿತ್ತು.
‘ನಿಮ್ಮದು ಚೆನ್ನಾಗಿತ್ತು,’ ಅಂದಳು ಮನೆಯವಳು.
ಮೇಷ್ಟ್ರು ಮಾತ್ರ ಟೀ ಕಲಕುತ್ತ,
‘ಮಾದು, ಒಂದು ಏಟು ಬಾಕಿ ಇದೆ.’
‘ಕೇಳಿಸಿಕೊಳ್ತಾ ಕೂತುಬಿಟ್ಟೆ ಮೇಷ್ಟ್ರೆ.’
‘ತಪ್ಪು,’ ಅಂದರು. ಚಮಚ ಗ್ಲಾಸಿಗೆ ತಾಗಿತು.
ಇಬ್ಬರೂ ಅದು ಆರುವ ತನಕ ಮಾತಾಡಲಿಲ್ಲ.

ಸೋಮವಾರ ಬೆಳಿಗ್ಗೆ, ಮೂರನೇ ಲೈನು,
ಎಡಗಡೆಯ ಎರಡನೇ ಗಾಲಿ.
ಸುತ್ತಿಗೆ ಎತ್ತಿದವನು ಹಾಗೇ ನಿಂತಿದ್ದೆ.
ಹಿಂದಿನಿಂದ ಹೆಲ್ಪರ್ ಹುಡುಗ,
‘ಏನಣ್ಣ, ಬಿರುಕಾ?’
‘ತಡಿಯೋ,’ ಅಂದೆ,
‘ಇನ್ನೂ ಐವತ್ತರಲ್ಲೇ ಇದೀನಿ.’