ಹದಿನೇಳು ಹೆಜ್ಜೆ

ರಾತ್ರಿ ಪಾಳಿ ಮುಗಿಸಿ ನೇರ ಬಂದವಳು ನಾನು.
ಕೈಗಿನ್ನೂ ಫಿನಾಯಿಲಿನ ವಾಸನೆ.
ಕೊಪ್ಪಳದ ಆಸ್ಪತ್ರೆ ಗೇಟಿನಲ್ಲಿ ಟಂಟಂ ಹತ್ತಿ
ಮುನಿರಾಬಾದಿನಾಚೆ ಇಳಿದಾಗ
ಮೇ ತಿಂಗಳ ಕೊನೆಯ ಭಾನುವಾರ, ಆರೂವರೆ.

ಹಿನ್ನೀರು ಅನ್ನುವುದು ಹೆಸರಿಗೆ.
ನೀರು ಹಿಂದೆ ಹಿಂದೆ ಸರಿದು
ದೂರದಲ್ಲೊಂದು ತಗಡಿನ ಚೂರಾಗಿತ್ತು.
ನಡುವೆ ಬಿರಿದ ಎರೆ, ಚಿಪ್ಪು, ಹರಿದ ಬಲೆ,
ಮುಳುಗಿದ ಊರಿನ ಯಾರದೋ ಬೀಸುಕಲ್ಲು.
ಗೂಟದ ತೂತಿನಲ್ಲಿ ಹುಲ್ಲು.

ಹನ್ನೊಂದು ಜನ, ಮೂರು ಬೈನಾಕ್ಯುಲರ್,
ಒಂದು ಬ್ಯಾನರು; ಅದರಲ್ಲಿ
ಪಕ್ಷಿ ಹೋಗಿ 'ಪಕ್ಶಿ' ಆಗಿತ್ತು.

ಮುಂದೆ ಖಾಜಾಹುಸೇನ ಸಾಬರು.
ಮೂವತ್ತೊಂದು ವರ್ಷ ಡ್ಯಾಮಿನಲ್ಲಿ
ನೀರಿನ ಮಟ್ಟ ಓದಿ ರಿಜಿಸ್ಟರಿಗೆ ಬರೆದವರು.
"ಚಳಿಗಾಲದಾಗ ಬರಬೇಕಿತ್ರಿ ಸಿಸ್ಟರ್.
ಪಟ್ಟೆತಲೆ ಹೆಬ್ಬಾತು ಎಲ್ಲಾ ಹಿಮಾಲಯ ದಾಟಿ ಹೋದ್ವು.
ಈಗ ಇದ್ದದ್ದು ಮನಿಮಂದಿ ಅಷ್ಟ."

ಮನೆಮಂದಿಯನ್ನೇ ಬರೆದುಕೊಂಡೆವು.
ಮೆಟ್ಟುಗಾಲು ಹಕ್ಕಿ ಇಪ್ಪತ್ತಾರು,
ನಿರಿಗೆ ಎತ್ತಿ ಹಿಡಿದು ಕೆಸರು ದಾಟುವವರ ಹಾಗೆ.
ಬಣ್ಣದ ಕೊಕ್ಕರೆ ಒಂದೇ ಒಂದು,
ರೇಷನ್ ಅಂಗಡಿ ತೆರೆಯಲೆಂದು ನಿಂತಂತೆ ನಿಂತಿತ್ತು.
ಏಳನೇ ಕ್ಲಾಸಿನ ಗವಿಸಿದ್ಧ ಕಾಗೆಯನ್ನೂ ಬರೆದ.
ಯಾಕೆ ಬರೆಯಬಾರದೆಂದು
ಹೇಳಲು ಯಾರಿಗೂ ಆಗಲಿಲ್ಲ.

ಮರಳ ದಿಬ್ಬ ಕಂಡಲ್ಲಿ ಸಾಬರು ಕೈ ಎತ್ತಿದರು:
"ಇಲ್ಲಿಂದ ಮುಂದ ಬ್ಯಾಡ."
ರೀವಗಳು. ಕರಿಯ ಟೊಪ್ಪಿಗೆ, ಅರಿಸಿನ ಕೊಕ್ಕು.
ಗೂಡು ಅಂತ ಏನೂ ಇಲ್ಲ.
ಹಿಮ್ಮಡಿ ಒತ್ತಿದಷ್ಟು ತಗ್ಗು,
ಅದರಲ್ಲಿ ಮರಳಿನದೇ ಚುಕ್ಕೆ ಹೊತ್ತ ಎರಡು ಮೊಟ್ಟೆ.

ಒಂಬತ್ತಕ್ಕೆಲ್ಲ ಬಿಸಿಲು ಹಲ್ಲು ಕಚ್ಚಿತು.
ತಾಯಿಹಕ್ಕಿ ಕೂರಲಿಲ್ಲ, ಮೊಟ್ಟೆಯ ಮೇಲೆ ನಿಂತುಬಿಟ್ಟಿತು,
ರೆಕ್ಕೆ ಅರೆ ತೆರೆದು, ಬಾಯಿ ತೆರೆದು.
ಕಾವು ಕೊಡಲಿಕ್ಕಲ್ಲ, ಕಾವು ತಡೆಯಲಿಕ್ಕೆ.
ಇನ್ನೊಂದು ನೀರಿಗಿಳಿದು, ಎದೆ ಅದ್ದಿಕೊಂಡು
ತೊಟ್ಟಿಕ್ಕುತ್ತ ಬಂದು ಜಾಗ ಹಿಡಿಯಿತು.
ಇದು ಹೋಯಿತು. ಅದು ಬಂತು.
ಮತ್ತೆ ಹೋಯಿತು.

ರಾತ್ರಿ, ಆರನೇ ನಂಬರಿನ ಮಂಚದಲ್ಲಿ
ನಾಲ್ಕು ವರ್ಷದ ಕೂಸಿಗೆ ನೂರಾ ಮೂರು.
ಹಣೆಯ ಬಟ್ಟೆ ಬಿಸಿಯಾದಾಗಲೆಲ್ಲ
ಅವರವ್ವ ಮುಖ ತಿರುಗಿಸದೆ
ನನ್ನತ್ತ ಕೈ ಚಾಚುತ್ತಿದ್ದಳು.

ಬೈನಾಕ್ಯುಲರ್ ಕೇಳಿದ ಹುಡುಗಿಗೆ
ಸ್ವಲ್ಪ ತಡ ಮಾಡಿಯೇ ಕೊಟ್ಟೆ.

ಅಷ್ಟರಲ್ಲಿ ಇನ್ನೂರು ಕುರಿ ದಿಬ್ಬದ ಕಡೆಗೇ ಬಂದವು.
ನಾವು ಕೂಗುವ ಮೊದಲೇ
ಕೆಂಚವ್ವ ಕೋಲು ಅಡ್ಡ ಹಿಡಿದು
ಇಡೀ ಹಿಂಡನ್ನು ಸುತ್ತುಬಳಸಿ ಹೊಡೆದುಕೊಂಡು ಹೋದಳು.
"ಯಾವ ಹಕ್ಕಿ ಗೊತ್ತೇನಬೇ?" ಗವಿಸಿದ್ಧ ಪೆನ್ನು ಎತ್ತಿ ಕೇಳಿದ.
"ಹೆಸರು ಗೊತ್ತಿಲ್ಲಪಾ.
ಬಾಣಂತ್ಯಾರ ಓಣಿ ಅಂತ ಗೊತ್ತು."

ನಸುಕಿನಲ್ಲಿ ಸಾಬರು ಒಬ್ಬರೇ ಬಂದು ಅಳೆದಿದ್ದರು:
ಕೊನೆಯ ಮೊಟ್ಟೆಯಿಂದ ನೀರಿಗೆ ಹದಿನೇಳು ಹೆಜ್ಜೆ.
"ಇನ್ನ ಹತ್ತು ದಿನ ಬೇಕು ಒಡಿಯಾಕ.
ಮ್ಯಾಲೆ ಶಿವಮೊಗ್ಗದ ಕಡೆ ಜೋರು ಹಿಡೀತು ಅಂದ್ರ
ಇಲ್ಲಿ ನೀರು ಏರ್ತೈತಿ."
ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡರು.
"ಆದ್ರ ಮಳಿ ಬ್ಯಾಡ ಅನ್ನಾಕ
ಬಾಯಿ ಬರಂಗಿಲ್ರಿ, ಈ ಜಿಲ್ಲಾದಾಗ ಹುಟ್ಟಿ."

ಉಪ್ಪಿಟ್ಟು ತಿಂದೆವು. ಗುಂಪಿನ ಫೋಟೋ ಆಯಿತು.
ಬ್ಯಾನರು ಮಡಚಿದರು.

ಬುಧವಾರ ಫೋನಿಗೊಂದು ಸಂದೇಶ:
ಬರೀ 'ಹದಿನಾಲ್ಕು'.
ಏನು ಉತ್ತರಿಸಬೇಕೋ ತೋಚದೆ ಜೇಬಿಗಿಟ್ಟೆ.
ಆಯಾ ಗಂಗವ್ವ ವಾರ್ಡಿನ ಕಿಟಕಿ ತೆರೆದು
ಮೂಗರಳಿಸಿದಳು:
"ಎಲ್ಲೋ ಹನಿ ಬಿದ್ದೈತಿ ನೋಡ್ರಿ, ಮಣ್ಣಿನ ವಾಸ್ನಿ."

ಆರನೇ ಮಂಚದಲ್ಲಿ ಈಗ ಬೇರೆ ಕೂಸು.
ಬಟ್ಟೆ ಅದ್ದಿದೆ,
ಹಿಂಡಿದೆ.