ಹಂಸ ಪಂಕ್ಚರ್, ಏಪ್ರಿಲ್ ರಜೆ

ಸುಂಟಿಕೊಪ್ಪದಲ್ಲಿ ನನ್ನ ಅಂಗಡಿಯ ಮುಂದೆ
ಒಂದು ತೊಟ್ಟಿ ನೀರು.
ಟ್ಯೂಬು ಮುಳುಗಿಸಿ ಅದುಮಿದರೆ
ಗುಳ್ಳೆ ಎದ್ದಲ್ಲಿ ತೂತು.
ಹನ್ನೊಂದು ವರ್ಷವಾಯಿತು, ಆ ನೀರಿನ ತಳ ನಾನು ಕಂಡಿಲ್ಲ.

ಶಾಲೆ ಮುಚ್ಚಿದ ಮೊದಲ ಭಾನುವಾರ
ಲಾರಿಯ ಎರಡು ಟ್ಯೂಬಿಗೆ ಗಾಳಿ ತುಂಬಿ
ಜೀಪಿನ ತಲೆಗೆ ಹಗ್ಗದಲ್ಲಿ ಬಿಗಿದೆ.
ಹಿಂದೆ ಮಗಳು ಸುಹಾನಾ, ಎದುರು ಮನೆಯ ನಾಚಪ್ಪ, ಅವನ ತಂಗಿ.
ಮುಂದೆ, ತೊಡೆಯ ಮೇಲೆ ಕಡುಬಿನ ಡಬ್ಬಿ ಹಿಡಿದು
ಫ್ಲೋರಿನ್ ಟೀಚರ್,
ಅರವತ್ತೊಂದಕ್ಕೆ ಈಜು ಕಲಿಯಲು ಹೊರಟವರು.

ನನ್ನನ್ನು ಒಂದನೇ ಕ್ಲಾಸಿಗೆ ಸೇರಿಸಿಕೊಂಡವರು ಇವರೇ.
ಉಪ್ಪ ಇಟ್ಟಾಗ ಸಿಂಹವಾಗಿದ್ದ ಹೆಸರು
ಇವರ ರಿಜಿಸ್ಟರಿನಲ್ಲಿ ಹಕ್ಕಿಯಾಯಿತು.
'ಹಂಸ ಅಂದ್ರೆ ಹಾಲು ಬೇರೆ ನೀರು ಬೇರೆ ಮಾಡೋನು ಕಣೋ'
ಅಂತ ಈಗಲೂ ನಗುತ್ತಾರೆ.
ನಾನು ಬೇರೆ ಮಾಡುವುದು ನೀರು, ಗಾಳಿ; ಅಷ್ಟೇ.

ಗೇಟಿನಲ್ಲಿ ಬೊಳಕ.
ಕೆರೆ ಸಾಹುಕಾರರದ್ದು, ಕಾನೂನು ಬೊಳಕನದ್ದು:
ಸೋಪು ಬೇಡ. ಬಾಟಲಿ ಬೇಡ.
ಚಿಪ್ಸ್ ಪ್ಯಾಕೆಟ್ ಇಲ್ಲೇ ಇಟ್ಟು ಹೋಗಿ.
ತಂದದ್ದೆಲ್ಲ ತಂದ ಹಾಗೆ ವಾಪಸ್.
ನಾಲ್ಕಕ್ಕೆ ನೀರಿನಿಂದ ಎದ್ದಿರಬೇಕು,
ಆಮೇಲೆ ಬರುವವರಿಗೆ ಟ್ಯೂಬು ಬೇಕಾಗಿಲ್ಲ
ಎಂದು ಮೊಣಕೈ ಎತ್ತಿ ಮೂಗಿನ ಮುಂದೆ ಸೊಂಡಿಲು ಮಾಡಿದ.

ಕಾಫಿ ಹೂವು ಕಂದಾಗಿ ಗಿಡದಲ್ಲೇ ಒಣಗಿತ್ತು.
ಹೂವಿಗೆಂದು ಒಂದು ಸುತ್ತು ನೀರು ಹೊಡೆದಾಗಿತ್ತು,
ಎರಡನೇ ಸುತ್ತಿಗೆ ಎಲ್ಲರೂ ಆಕಾಶದ ಮುಖ ನೋಡುತ್ತಿದ್ದರು.
ದಡದ ಮೋಟಾರಿಗೆ ಗೋಣಿ ಹೊದಿಸಿತ್ತು.

ಆ ನೀರು!
ಅಂಗಡಿಯ ಕರಿ ನೀರಿನಲ್ಲಿ ಕೈಯದ್ದುವವನಿಗೆ
ಹೇಗೆ ಹೇಳಲಿ,
ನನ್ನ ಕಾಲಿನ ಹತ್ತೂ ಬೆರಳು ಎಣಿಸಿದೆ.
ಉಗುರ ಸಂದಿಯ ಗ್ರೀಸು ಮೀನಿನ ಮರಿಗಳಿಗೂ ಕಂಡಿತು,
ಮೂತಿ ತಾಗಿಸಿ, ಬೇಡವೆಂದು ಹೋದವು.
ತಳದಲ್ಲಿ ನಮ್ಮ ಟ್ಯೂಬಿನ ನೆರಳು
ದೊಡ್ಡ ಉದ್ದಿನವಡೆ.

ಟೀಚರ್ ಸೀರೆಯ ಮೇಲೆ ಗಂಡನ ಹಳೇ ಶರ್ಟು ತೊಟ್ಟು
ಟ್ಯೂಬಿನ ನಡುವೆ ಕೂತು
'ಬಿಡಬೇಡ, ಹಂಸ, ಬಿಡಬೇಡ' ಎನ್ನುತ್ತಲೇ
ನಾನು ಬಿಟ್ಟದ್ದು ಗೊತ್ತಾಗದೆ ನಡುಗೆರೆಗೆ ಹೋಗಿ,
ಗೊತ್ತಾದಾಗ ಕೂಗಲು ತಿರುಗಿದರು ನೋಡಿ,
ಕನ್ನಡಕ ಜಾರಿತು.

ಅದು ಇಳಿದದ್ದನ್ನು ಎಲ್ಲರೂ ನೋಡಿದೆವು.
ಆತುರವಿಲ್ಲದೆ, ಒಂದು ಸಲ ಬಿಸಿಲಿಗೆ ಮಿನುಗಿ,
ಬಿಳಿ ಕಲ್ಲಿನ ಪಕ್ಕ ಕೂತಿತು,
ಯಾರೋ ಓದು ಮುಗಿಸಿ ತೆಗೆದಿಟ್ಟಂತೆ.
ಸೊಂಟದುದ್ದ ಇರಬಹುದು ಅಂದುಕೊಂಡು ಮುಳುಗಿದೆ.
ಕಿವಿ ಚುಚ್ಚಿತು. ಕೈ ಚಾಚಿದೆ. ಅದು ಅಷ್ಟೇ ದೂರ.
ಮತ್ತೆ ಮುಳುಗಿದೆ. ಮತ್ತೂ ಅಷ್ಟೇ ದೂರ.
ಕೆಸರು ನೀರಾದರೆ ಹೆದರುತ್ತಿದ್ದೆ, ಹುಷಾರಾಗಿರುತ್ತಿದ್ದೆ;
ತಿಳಿನೀರು ತಳವನ್ನು ಅಂಗೈಯಲ್ಲಿಟ್ಟು ತೋರಿಸುತ್ತದೆ,
ಆಳ ಮಾತ್ರ ಹೇಳುವುದಿಲ್ಲ.

'ಎರಡಾಳು' ಎಂದ ಬೊಳಕ, ಬೀಡಿ ಹಚ್ಚದೆ ಬಾಯಲ್ಲಿಟ್ಟು.
'ಮಳೆ ಬರದಿದ್ರೆ ಬರುವ ವಾರ ಮೋಟಾರು ಹಾಕ್ತಾರೆ,
ನೀರು ಇಳೀತದೆ, ನಾನೇ ತಂದು ಕೊಡ್ತೇನೆ.'
ಟೀಚರ್ ದಡದಲ್ಲಿ ಒದ್ದೆಯಾಗಿ ಕೂತಿದ್ದರು.
ಏನೂ ಸರಿಯಾಗಿ ಕಾಣದ ಕಣ್ಣಿನಲ್ಲಿ ತುಂಬಾ ಹೊತ್ತು
ಕೆರೆ ನೋಡಿದರು.
ಮಕ್ಕಳಿಗೆ ಕಡುಬು ಹಂಚಿದರು, ಒಂದು ಹೆಚ್ಚೇ.

ಮೂರೂಮುಕ್ಕಾಲಿಗೆ ವಾಲ್ವ್ ಬಿಚ್ಚಿದೆ.
ಬೆಳಿಗ್ಗೆ ಸುಂಟಿಕೊಪ್ಪದಲ್ಲಿ ತುಂಬಿದ ಗಾಳಿ
ಪೇಟೆಯ ವಾಸನೆ ಸಮೇತ ಉಸ್ಸೆಂದಿತು.
'ಇದನ್ನ ಬಿಟ್ಟು ಹೋಗಬಹುದಾ ಬೊಳಕಾ?'
ಅವನು ಬಗ್ಗಿ ಮೂಸಿದ, ನಿಜವಾಗಿ ಯೋಚಿಸಿದ:
'ಇದೊಂದು ಸಲ.'

ಮಂಗಳವಾರ ರಾತ್ರಿ ಆಲಿಕಲ್ಲು, ಗುಡುಗು, ಕರೆಂಟಿಲ್ಲ.
ಬೆಳಗಾಗುವ ಮೊದಲೇ ಟೀಚರ್ ಫೋನು:
'ತೋಟದ ಕಡೆಗೂ ಬಂತೇನೋ?'
'ಎರಡೂವರೆ ಇಂಚು. ಮೋಟಾರು ಬೇಡವಂತೆ ಟೀಚರ್.'
'ಒಳ್ಳೇದಾಯ್ತು ಬಿಡು' ಎಂದರು.
ಹಳೇ ಕನ್ನಡಕ ಸಿಕ್ಕಿದೆಯಂತೆ,
ಒಂದು ಕಡ್ಡಿ ಮುರಿದದ್ದು,
ದಾರ ಕಟ್ಟಿ ಕಿವಿಗೆ ಸುತ್ತಿಕೊಂಡಿದ್ದಾರಂತೆ.