ಹನ್ನೆರಡನೆಯ ದಿನ

ತೋಳಿಗೆ ಪಟ್ಟಿ ಸುತ್ತಿ, ರಬ್ಬರಿನ ಬುರುಡೆ ಒತ್ತಿ ಒತ್ತಿ,
ಮುಳ್ಳು ನಡುಗಿ ನಿಂತ ಕಡೆ ನೋಡಿ
ಉಪ್ಪು ಕಡಿಮೆ ಮಾಡು ಜೊಬೇದಾ ಅಂದಿದ್ದಿರಿ, ಆಪಾ.
ಮಾಡಿದೆ.
ಹನ್ನೊಂದು ದಿನ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.
ಹನ್ನೆರಡನೆಯ ದಿನದ್ದು ಆಮೇಲೆ ಹೇಳುತ್ತೇನೆ.

ಹಾಕದಿದ್ದರೂ ಅನ್ನ ಉಪ್ಪುಪ್ಪಾಗಿಯೇ ಇಳಿಯುತ್ತದೆ.
ಬೇಳೆಯಂತೂ ಬೇಯುವುದೇ ಇಲ್ಲ,
ಸೌದೆ ಮುಗಿಯುವವರೆಗೆ ಕುದಿಸಿದರೂ
ಕಾಳು ಕಾಳಾಗಿ ಕೂತು ನನ್ನ ಮುಖ ನೋಡುತ್ತದೆ.

ಕೊಳ ನಮ್ಮದೇ.
ಅತ್ತೆ ಮದುವೆಯಾಗಿ ಬಂದಾಗ
ಅದರ ಅಂಚಿಗೆ ಕೊಲ್ಮಿ ಸೊಪ್ಪು ಹಬ್ಬಿತ್ತಂತೆ,
ಬೊಗಸೆಯಲ್ಲೇ ಎತ್ತಿ ಕುಡಿಯುತ್ತಿದ್ದರಂತೆ.
ಬಿರುಗಾಳಿಯ ವರ್ಷ ಏರಿ ಒಡೆದು ನದಿ ಒಳಗೆ ಬಂತು.
ನದಿ ಪಾಪ, ತಿಳಿಯದೆ ಬಂದದ್ದು.
ಮರುವರ್ಷ ಖಾದೆಮ್ ಸಾಹೇಬರು
ತಿಳಿದೇ ಏರಿಯ ಹೊಟ್ಟೆಗೆ ಪೈಪು ತೂರಿಸಿದರು.
ಸೀಗಡಿಗೆ ಉಪ್ಪುನೀರೇ ಆಗಬೇಕಲ್ಲ.

ಉಪ್ಪು ತಿಂದವ ನೀರು ಕುಡಿಯಲೇಬೇಕು,
ಹಿರಿಯರ ಮಾತು.
ನಮ್ಮಲ್ಲಿ ತಿಂದವರು ಬೇರೆ,
ಕುಡಿಯುವವರು ಬೇರೆ.

ಈಗ ಸಿಹಿನೀರು ಮೊತಾಲೇಬನ ಗಾಡಿಯಲ್ಲಿ ಬರುತ್ತದೆ.
ನೀಲಿ ಜಾರು, ಇಪ್ಪತ್ತು ಲೀಟರು, ಮೂವತ್ತು ಟಾಕಾ.
ಮಳೆ ನಿಂತ ಮೇಲೆ ನಲವತ್ತು.
ಮೊತಾಲೇಬ ಒಳ್ಳೆಯವನು, ಸಾಲ ಬರೆದುಕೊಳ್ಳುತ್ತಾನೆ,
ಫಿಲ್ಟರು ಯಂತ್ರ ಅವನದಲ್ಲ.
ಯಾರದೆಂದು ನಿಮಗೂ ಗೊತ್ತು.
ಜಾರಿನ ಮೇಲೊಂದು ಹಿಮದ ಬೆಟ್ಟ ಅಂಟಿಸಿದ್ದಾರೆ.
ಮೊಯ್ನಾ ಕೇಳಿದಳು:
ಮಾ, ಆ ಬೆಟ್ಟದ ಮೇಲೂ ಸೀಗಡಿ ಸಾಕುತ್ತಾರಾ?

ಅವರಪ್ಪ ಇಟ್ಟಿಗೆ ಭಟ್ಟಿಗೆ ಹೋಗಿ ನಾಲ್ಕು ತಿಂಗಳು.
ಫೋನಿನಲ್ಲಿ ದುಡ್ಡು ನೀರಿನ ಹಾಗೆ ಖರ್ಚು ಮಾಡಬೇಡ ಅಂದ.
ಇಬ್ಬರೂ ಒಂದು ಗಳಿಗೆ ಸುಮ್ಮನಿದ್ದು
ಆಮೇಲೆ ನಕ್ಕೆವು.
ಜಾರಿನ ನೀರು ಬಾಯಿಗೆ ಮಾತ್ರ, ಒಲೆಗಲ್ಲ.
ಮೊಯ್ನಾಗೆ ಒಂದೂವರೆ ಲೋಟ, ಶಾಲೆಯಿದ್ದರೆ ಎರಡು.
ನನಗೆ,
ಅದನ್ನು ಬಿಡಿ.

ಮೊನ್ನೆ ಬಿರುಗಾಳಿ ಆಸರೆಯ ಕಟ್ಟಡದಲ್ಲಿ ಸಭೆಯಾಯಿತಲ್ಲ,
ಊಟ ಬಡಿಸಿ ಕಸ ಗುಡಿಸಲು ನನ್ನನ್ನು ಕರೆದಿದ್ದರು.
ಗೋಡೆಗೆ ಬಟ್ಟೆಯ ಬ್ಯಾನರು.
ನನಗೆ ಅಕ್ಷರ ಬಾರದು, ಮೊಯ್ನಾ ಓದಿದಳು,
ನೀರು ಎಲ್ಲರ ಹಕ್ಕು.
ಒಬ್ಬೊಬ್ಬರ ಮುಂದೆ ಒಂದೊಂದು ಬಾಟಲಿ.
ಮುಚ್ಚಳ ಮುರಿಯುವ ಸದ್ದು ಕೇಳಿದ್ದೀರಲ್ಲ, ಟಕ್ ಟಕ್ ಟಕ್,
ಹಲ್ಲಿನಲ್ಲಿ ಕಡಲೆ ಒಡೆದ ಹಾಗೆ.
ಎರಡು ಗುಟುಕು ಕುಡಿದು ಭಾಷಣ ಮಾಡಿ
ಕತ್ತಲಾಗುವ ಮುಂಚೆ ಜೀಪು ಹತ್ತಿದರು.

ಮೂವತ್ತೆರಡು ಬಾಟಲಿ. ಎಣಿಸಿದೆ.
ಒಂದರ ಬಾಯಿಗೆ ತುಟಿಯ ಕೆಂಪು.
ಒಂದರೊಳಗೆ ಬೀಡಿಯೋ ಸಿಗರೇಟೋ, ತುಂಡು ತೇಲುತ್ತಿತ್ತು.
ಅದೊಂದನ್ನೇ ಚೆಲ್ಲಿದ್ದು,
ಅದಕ್ಕೂ ಕೈ ಒಂದು ಸಲ ನಿಂತಿತು, ಸುಳ್ಳೇಕೆ.
ಉಳಿದದ್ದೆಲ್ಲ ಕೊಡಕ್ಕೆ ಸುರಿದೆ.
ಎಂಜಲು ಅಂತೀರಿ.
ಒಳಗೆ ಬಿದ್ದ ಮೇಲೆ ಯಾರದು ಯಾವುದೆಂದು
ನೀರು ಬಾಯಿ ಬಿಡಲಿಲ್ಲ.
ಕೊಡದ ಕುತ್ತಿಗೆಗೆ ನಾಲ್ಕು ಬೆರಳು ಕಡಿಮೆ,
ಬಸುರಿಯ ಸೊಂಟಕ್ಕೆ ಅಷ್ಟೇ ಹೆಚ್ಚಾಯಿತು.

ಅದು ಹನ್ನೆರಡನೆಯ ದಿನ.
ಆ ನೀರಲ್ಲಿ ಬೇಳೆಗಿಟ್ಟೆ.
ಬೆಂದಿತು, ಆಪಾ!
ಸೌಟು ತಾಗಿದರೆ ಕರಗುವ ಹಾಗೆ,
ನನ್ನ ತವರಿನಲ್ಲಿ ಬೇಯುತ್ತಿದ್ದ ಹಾಗೆ.
ಮೊಯ್ನಾ ಒಂದು ತುತ್ತು ಬಾಯಿಗಿಟ್ಟು
ಕಣ್ಣು ಕಿರಿದು ಮಾಡಿದಳು.
ಮಾ, ಇದಕ್ಕೆ ರುಚಿಯೇ ಇಲ್ಲ,
ಏನೋ ಮರೆತಿದ್ದೀಯ.

ಡಬ್ಬಿ ಇಳಿಸಿದೆ.
ಉಪ್ಪು ಕಲ್ಲಾಗಿತ್ತು, ಚಮಚದ ಹಿಡಿಯಿಂದ ಕುಟ್ಟಬೇಕಾಯಿತು.
ಒಂದು ಚಿಟಿಕೆ. ಅವಳಿಗೊಂದು, ನನಗೊಂದು.
ನಾವೇ ಕೈಯಾರೆ ಹಾಕಿಕೊಂಡ ಉಪ್ಪು
ಹೇಗಿರುತ್ತದೆಂದು ಮರೆತೇಹೋಗಿತ್ತು.

ಬರೆದುಕೊಳ್ಳಿ ನಿಮ್ಮ ಪುಸ್ತಕದಲ್ಲಿ.
ನಾದಿನಿಗೆ ಎರಡು ಹೋದವು, ಏಳನೆಯ ತಿಂಗಳಲ್ಲೇ,
ಅದೂ ಅದರಲ್ಲಿರಬೇಕು, ಎರಡು ಹಾಳೆ ಹಿಂದೆ.
ಮುಳ್ಳು ಎಲ್ಲಿ ನಿಂತಿತು?
ಹೇಳದಿದ್ದರೂ ಆದೀತು.
ಪಟ್ಟಿ ಬಿಗಿದಿದೆ, ಸ್ವಲ್ಪ ಸಡಿಲಿಸಿ,
ಮೊತಾಲೇಬನ ಗಂಟೆ ಕೇಳಿಸುತ್ತಿದೆ.